ಹೆರಿಗೆ ಕೋಣೆಯ ಬಾಗಿಲಿನ ಆಚೆ ಈಚೆ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಗರ್ಭಿಣಿಯರಿಗೂ ಅವರ ಮನೆಯವರಿಗೂ ಏರ್ಪಡಿಸಿದ್ದ ಮಾಹಿತಿ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಆಯಾ ಜಾಗದಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಗರ್ಭಿಣಿಯರು ಮುಂದಿನ ಸಾಲಿನಲ್ಲಿ ಕೂತಿದ್ದೀರಿ, ಗಂಡಂದಿರು ಹಿಂದಿನ ಗೋಡೆಗೆ ಒರಗಿ ನಿಂತಿದ್ದೀರಿ. ಗಂಡಂದಿರು ಸ್ವಲ್ಪ ಮುಂದೆ ಬಂದರೆ ಒಳ್ಳೆಯದು. ಇವತ್ತಿನ ಮಾತಿನ ಮೊದಲ ಭಾಗ ಹೆಚ್ಚು ಬೇಕಾದದ್ದು ನಿಮಗೇ.

ಹೆರಿಗೆ ಎಲ್ಲಿ ಎಂಬುದನ್ನು ಬೇನೆ ಶುರುವಾದ ಮೇಲೆ ತೀರ್ಮಾನಿಸಬಾರದು. ಹೇಳಲು ಸುಲಭ, ಆದರೆ ಈ ಜಿಲ್ಲೆಯಲ್ಲಿ ಇದು ಬೇರೆ ಕಡೆಗಿಂತ ತುಸು ತೊಡಕಿನ ಪ್ರಶ್ನೆ. ಕಾಸರಗೋಡಿನಲ್ಲಿ ಜನರಲ್ ಆಸ್ಪತ್ರೆ, ಕಾಞಂಗಾಡಿನಲ್ಲಿ ಜಿಲ್ಲಾ ಆಸ್ಪತ್ರೆ, ನಡುವೆ ಖಾಸಗಿಯವು. ಕರ್ನಾಟಕದ ಗಡಿ ದಾಟಿದರೆ ಒಂದು ಕಡೆ ಪುತ್ತೂರು, ಇನ್ನೊಂದು ಕಡೆ ಮಂಗಳೂರು. ಅಲ್ಲಿ ಸರಕಾರಿ ಲೇಡಿಗೋಶನ್ ಇದೆ, ದೊಡ್ಡ ಖಾಸಗಿ ಆಸ್ಪತ್ರೆಗಳೂ ಇವೆ. ಕಾಸರಗೋಡಿನಿಂದ ಮಂಗಳೂರಿಗೆ 50 ಕಿ.ಮೀ. ಆಸುಪಾಸು. ಹೆದ್ದಾರಿ ಖಾಲಿ ಇದ್ದರೆ ಒಂದು ಗಂಟೆ, ಇಲ್ಲದಿದ್ದರೆ ದೇವರೇ ಗತಿ. 2020ರ ಮಾರ್ಚಿನಲ್ಲಿ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿ ಆಂಬುಲೆನ್ಸ್‌ಗಳೂ ನಿಂತುಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಅಂಥದ್ದು ದಿನಾ ಆಗುವುದಿಲ್ಲ, ಸರಿ. ಆಟಿ ತಿಂಗಳ ಮಳೆಗೆ ಮರ ಬಿದ್ದು ರಸ್ತೆ ಕಟ್ಟುವುದು ಮಾತ್ರ ಪ್ರತಿ ವರ್ಷದ ಕತೆ. ಆದ್ದರಿಂದ ಮಂಗಳೂರೇ ಬೇಕು ಅನ್ನುವವರೂ ಗಡಿಯ ಈಚೆ ಒಂದು ಆಸ್ಪತ್ರೆಯನ್ನು ಗೊತ್ತುಮಾಡಿಟ್ಟುಕೊಳ್ಳಿ, ಏಳನೆಯ ಅಥವಾ ಎಂಟನೆಯ ತಿಂಗಳಲ್ಲಿ ಒಮ್ಮೆಯಾದರೂ ಅಲ್ಲಿ ತೋರಿಸಿ ಚೀಟಿ ಮಾಡಿಸಿ. ಗುರುತೇ ಇಲ್ಲದ ಆಸ್ಪತ್ರೆಗೆ ನಡುರಾತ್ರಿ ಹೋಗುವುದಕ್ಕೂ ಮೊದಲೇ ಚೀಟಿ ಇರುವಲ್ಲಿಗೆ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ.

ಆಸ್ಪತ್ರೆ ಆರಿಸುವಾಗ ಕಟ್ಟಡ ನೋಡಬೇಡಿ, ವಿಚಾರಿಸಿ. ರಾತ್ರಿ ಎರಡು ಗಂಟೆಗೆ ಸಿಸೇರಿಯನ್ ಮಾಡಬೇಕಾಗಿ ಬಂದರೆ ಅರಿವಳಿಕೆ ಡಾಕ್ಟರು ಸಿಗುತ್ತಾರೋ? ರಕ್ತ ಎಲ್ಲಿಂದ ಬರುತ್ತದೆ, ಬರಲು ಎಷ್ಟು ಹೊತ್ತು? ಮಗುವಿಗೆ ಉಸಿರಾಟದ ತೊಂದರೆಯಾದರೆ ಅಲ್ಲೇ ನೋಡುತ್ತಾರೋ, ಬೇರೆ ಕಡೆ ಕಳಿಸುತ್ತಾರೋ, ಕಳಿಸುವುದಾದರೆ ಎಲ್ಲಿಗೆ? ಹೆರಿಗೆ ಕೋಣೆಯೊಳಗೆ ಜೊತೆಗೆ ಒಬ್ಬರನ್ನು ಬಿಡುತ್ತಾರೋ? ಬಿಪಿ ಇರುವವರು, ಸಕ್ಕರೆ ಇರುವವರು, ಅವಳಿ ಮಕ್ಕಳಿರುವವರು, ಹಿಂದೆ ಸಿಸೇರಿಯನ್ ಆದವರು, ಮಾಸು (ಮಗುವಿಗೆ ರಕ್ತ ಒದಗಿಸುವ ಪ್ಲಾಸೆಂಟಾ) ಕೆಳಗಿದೆ ಎಂದು ಸ್ಕ್ಯಾನಿನಲ್ಲಿ ಬಂದವರು, ಹಿಮೋಗ್ಲೋಬಿನ್ ಏಳರ ಕೆಳಗಿರುವವರು ಈ ಸೌಲಭ್ಯಗಳೆಲ್ಲ ಇರುವ ಜಾಗವನ್ನೇ ಆರಿಸಬೇಕು. ಇದರಲ್ಲಿ ರಾಜಿ ಬೇಡ. ಎಣ್ಮಕಜೆ, ದೇಲಂಪಾಡಿ ಕಡೆಯ ಒಳಭಾಗದಲ್ಲಿ ಮನೆ ಇದ್ದು, ಜೀಪು ಬರಲಿಕ್ಕೂ ಕಷ್ಟ ಅನ್ನುವವರು ದಿನ ಹತ್ತಿರ ಬಂದಾಗ ಪೇಟೆಯ ಸಮೀಪದ ನೆಂಟರ ಮನೆಗೆ ಬಂದಿರುವುದು ಲೇಸು.

ಖರ್ಚಿನ ವಿಷಯ ಇಲ್ಲೇ ಮುಗಿಸಿಬಿಡುತ್ತೇವೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಜಾರಿಯಲ್ಲಿದೆ. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಮದ್ದು, ರಕ್ತ, ಪರೀಕ್ಷೆಗಳು ಉಚಿತ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಊಟ, ಮನೆಯಿಂದ ಕರೆತರುವ, ವಾಪಸು ಬಿಡುವ ವಾಹನ ಇವೆಲ್ಲವೂ ಅದರಲ್ಲಿ ಸೇರಿವೆ. ಖಾಸಗಿಗೆ, ಅದರಲ್ಲೂ ಗಡಿ ದಾಟಿ ಹೋಗುವವರು ಕೇರಳದ ವಿಮಾ ಕಾರ್ಡು ಅಲ್ಲಿ ನಡೆಯುತ್ತದೋ, ಹೆರಿಗೆಗೆ ಅನ್ವಯಿಸುತ್ತದೋ ಎಂದು ಕೌಂಟರಿನಲ್ಲೇ ಕೇಳಿ. ಹೊರಗೆ ಯಾರೋ ಹೇಳಿದ್ದನ್ನು ನಂಬಿ ಹೋಗಬೇಡಿ.

ಈಗ ದಿನದ ಲೆಕ್ಕ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಡಾಕ್ಟರು ತಾರೀಖು ಕೊಡುತ್ತಾರೆ. ಸರಿಯಾಗಿ ಅದೇ ತಾರೀಖಿಗೆ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. 37 ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ಆಗಬಹುದು. ಹಾಗಾಗಿ ಚೀಲ 36 ವಾರಕ್ಕೇ ತಯಾರಿರಲಿ. ತಾಯಿ ಕಾರ್ಡು, ಎಲ್ಲ ಸ್ಕ್ಯಾನ್ ರಿಪೋರ್ಟು, ರಕ್ತದ ಗುಂಪಿನ ಚೀಟಿ, ಇಬ್ಬರ ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಒಂದೇ ಪ್ಲಾಸ್ಟಿಕ್ ಕವರಿನಲ್ಲಿರಲಿ. ಮುಂದೆ ಬಟನ್ ಇರುವ ನೈಟಿ ನಾಲ್ಕು, ದೊಡ್ಡ ಅಳತೆಯ ಪ್ಯಾಡ್ ಎರಡು ಪೊಟ್ಟಣ, ಎರಡು ಬೈರಾಸ (ಟವೆಲ್), ಫ್ಲಾಸ್ಕು, ತಟ್ಟೆ, ಲೋಟ. ಮಗುವಿಗೆ ಹಳೆಯ ಮೆತ್ತನೆಯ ಹತ್ತಿ ಬಟ್ಟೆ ಏಳೆಂಟು ತುಂಡು, ತೊಳೆದು ಬಿಸಿಲಿಗೆ ಚೆನ್ನಾಗಿ ಒಣಗಿಸಿದ್ದು, ಒಂದು ಟೊಪ್ಪಿ, ಕಾಲುಚೀಲ. ಹೊಸ ಬಟ್ಟೆಯ ಗಂಜಿ ಮಗುವಿನ ಚರ್ಮಕ್ಕೆ ಚುಚ್ಚುತ್ತದೆ, ಅದು ತೊಟ್ಟಿಲಿಗೆ ಹಾಕುವ ದಿನಕ್ಕಿರಲಿ. ಬಳೆ, ಸರ, ಕಾಲುಂಗುರ ಮನೆಯಲ್ಲೇ ತೆಗೆದಿಡಿ. ಉಗುರಿಗೆ ಬಣ್ಣ ಹಚ್ಚಬೇಡಿ, ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಸಾಧನ ಬಣ್ಣದ ಉಗುರಿನಲ್ಲಿ ತಪ್ಪು ತೋರಿಸುತ್ತದೆ. ನೆಗೆಟಿವ್ ಗುಂಪಿನವರು ಅದೇ ಗುಂಪಿನ ಇಬ್ಬರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಮಗು ಪಾಸಿಟಿವ್ ಗುಂಪಿನದ್ದಾದರೆ ತಾಯಿಗೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಕೊಡಲೇಬೇಕು. ಇದು ಮುಂದಿನ ಮಗುವಿನ ರಕ್ಷಣೆಗೆ, ಈಗಿನದ್ದು ಚೆನ್ನಾಗಿದೆಯಲ್ಲ ಎಂದು ಬಿಟ್ಟುಬಿಡುವಂತಿಲ್ಲ.

ಹೊರಡುವುದು ಯಾವಾಗ? ಮೊದಲ ಹೆರಿಗೆಯವರಿಗೆ ಬೇನೆ ಐದು ನಿಮಿಷಕ್ಕೊಮ್ಮೆ ಬಂದು, ಪ್ರತಿ ಬಾರಿ ಒಂದು ನಿಮಿಷ ಹಿಡಿದುಕೊಂಡು, ಹೀಗೆ ಒಂದು ಗಂಟೆ ನಡೆದರೆ ಹೊರಡುವ ಹೊತ್ತು. ಆಸ್ಪತ್ರೆ ದೂರವಿದ್ದರೆ ಅಷ್ಟು ಕಾಯಬೇಡಿ. ಎರಡನೆಯ, ಮೂರನೆಯ ಹೆರಿಗೆ ಬೇಗ ಆಗುತ್ತದೆ, ಬೇನೆ ಕ್ರಮ ಹಿಡಿಯಿತು ಅನಿಸಿದರೆ ಸಾಕು. ನಡೆದಾಡಿದರೆ, ಮಲಗಿದರೆ ಕಡಿಮೆಯಾಗುವ, ಲೆಕ್ಕವಿಲ್ಲದೆ ಬರುವ ನೋವು ಹೆರಿಗೆ ಬೇನೆಯಲ್ಲ. ಲೋಳೆಯ ಜೊತೆ ತುಸು ರಕ್ತ ಕಂಡರೆ ಗಾಬರಿ ಬೇಡ, ಅದು ಗರ್ಭಕೋಶದ ಬಾಯಿ ಸಡಿಲವಾಗುತ್ತಿರುವ ಸೂಚನೆ, ಬೇನೆಗೆ ಇನ್ನೂ ಒಂದೆರಡು ದಿನವೂ ಹಿಡಿಯಬಹುದು.

ಇನ್ನು ಕೆಲವಕ್ಕೆ ಬೇನೆಗಾಗಿ ಕಾಯಲೇಬಾರದು. ನೀರು ಹೋದರೆ ನೋವು ಇಲ್ಲದಿದ್ದರೂ ಹೊರಡಿ. ಪ್ಯಾಡ್ ಇಟ್ಟುಕೊಂಡು ನೀರಿನ ಬಣ್ಣ ನೋಡಿ. ಹಸಿರು ಅಥವಾ ಕಂದು ಇದ್ದರೆ ಮಗು ಒಳಗೆ ಮಲ ವಿಸರ್ಜಿಸಿದೆ ಎಂದರ್ಥ, ಹೋದ ಕೂಡಲೇ ಸಿಸ್ಟರಿಗೆ ಹೇಳಿ. ಮುಟ್ಟಿನ ಹಾಗೆ ಕೆಂಪು ರಕ್ತ ಹೋಗುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಎದೆಗುಳಿಯ ಕೆಳಗೆ ನೋವು, ಮುಖ ಊದುವುದು, ಇವೂ ಹಾಗೆಯೇ. ಕೊನೆಯ ನಾಲ್ಕು ಬಿಪಿ ಏರಿದ್ದರ ಗುರುತು. 160/110 ದಾಟಿದರೆ ಅಪಸ್ಮಾರದ ಹಾಗೆ ಸೆಳೆತ ಬರಬಹುದು. ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕುಡಿಸಿ ಮಲಗಿಸಿದರೆ ಅಮೂಲ್ಯ ಗಂಟೆಗಳು ಹೋಗುತ್ತವೆ. ಆಂಬುಲೆನ್ಸಿಗೆ 108. ವಾಹನದಲ್ಲಿ ಎಡ ಮಗ್ಗುಲಿಗೆ ಮಲಗಿಸಿ. ರಾತ್ರಿ ತಲುಪಿದರೆ ಓ.ಪಿ. (ಹೊರರೋಗಿ ವಿಭಾಗ) ಕಡೆ ಹುಡುಕಬೇಡಿ, ನೇರ ಕ್ಯಾಶುವಾಲಿಟಿಗೆ (ತುರ್ತು ವಿಭಾಗಕ್ಕೆ) ಹೋಗಿ.

ಒಳಗೆ ಹೋದ ಮೇಲೆ ಮೊದಲ ಅರ್ಧ ಗಂಟೆ ಪ್ರಶ್ನೆ ಮತ್ತು ಪರೀಕ್ಷೆ. ಬಿಪಿ, ನಾಡಿ, ಜ್ವರ ನೋಡುತ್ತಾರೆ. ಮೂತ್ರ ತೆಗೆದುಕೊಳ್ಳುತ್ತಾರೆ. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆ ಎಂದು ಅಂದಾಜು ಮಾಡುತ್ತಾರೆ. ಎದೆಬಡಿತ ಕೇಳುತ್ತಾರೆ, ನಿಮಿಷಕ್ಕೆ 110ರಿಂದ 160ರ ಒಳಗಿರಬೇಕು. ಹೊಟ್ಟೆಗೆ ಎರಡು ಬೆಲ್ಟು ಕಟ್ಟಿ ಕಾಗದದಲ್ಲಿ ಗೆರೆ ಮೂಡಿಸುವ ಯಂತ್ರ ಇದ್ದರೆ ಸುಮಾರು 20 ನಿಮಿಷ ಹಾಕುತ್ತಾರೆ. ಆಮೇಲೆ ಕೈಗವಸು ಹಾಕಿ ಒಳಪರೀಕ್ಷೆ. ನಾಚಿಕೆ, ಭಯ ಸಹಜ. ಉಸಿರು ಬಿಗಿಹಿಡಿದರೆ ಹೆಚ್ಚು ನೋಯುತ್ತದೆ, ಬಾಯಿಂದ ನಿಧಾನವಾಗಿ ಉಸಿರು ಬಿಡಿ. ಪರದೆ ಎಳೆಯಿರಿ ಎಂದು ಕೇಳುವ ಹಕ್ಕು ನಿಮಗಿದೆ. ಬೋಳಿಸುವುದು, ಎನಿಮಾ ಕೊಡುವುದು ಈಗ ಅಗತ್ಯವೆಂದು ಪರಿಗಣಿಸುವುದಿಲ್ಲ. ಕೆಲವೆಡೆ ರೂಢಿಯಿಂದ ಮಾಡುತ್ತಾರೆ, ಬೇಡ ಎಂದು ಹೇಳಬಹುದು.

ಭಾಷೆಯ ಮಾತು ಇಲ್ಲೇ ಬರಬೇಕು. ಇಲ್ಲಿನ ಆಸ್ಪತ್ರೆಗಳಲ್ಲಿ ಸಿಸ್ಟರುಗಳು ಹೆಚ್ಚಿನವರು ಮಲಯಾಳದವರು, ಒಪ್ಪಿಗೆ ಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಕನ್ನಡವೋ ತುಳುವೋ ಮಾತ್ರ ಬರುವುದಾದರೆ ಸೇರಿಸುವಾಗಲೇ ಹೇಳಿಬಿಡಿ, ಅದನ್ನು ಬಲ್ಲ ಒಬ್ಬರಾದರೂ ಸಾಮಾನ್ಯವಾಗಿ ಇರುತ್ತಾರೆ. ಓದಿ ಅರ್ಥ ಹೇಳದ ಕಾಗದಕ್ಕೆ ಸಹಿ ಹಾಕಬೇಡಿ, ಓದಿ ಹೇಳಿ ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬೈಸ್ಟ್ಯಾಂಡರಾಗಿ, ಅಂದರೆ ನೋಡಿಕೊಳ್ಳಲು ಜೊತೆಗೆ, ನಿಲ್ಲುವವರಲ್ಲಿ ಒಬ್ಬರಿಗೆ ಮಲಯಾಳ ಬರುವಂತೆ ನೋಡಿಕೊಳ್ಳಿ.

ಈಗ ಬೇನೆಯ ಹೊತ್ತು. ಹೊರಗೆ ಕಾಯುವವರಿಗೆ ಅತಿ ಹೆಚ್ಚು ಸಂಕಟ, ಅತಿ ಹೆಚ್ಚು ತಪ್ಪು ತಿಳಿವಳಿಕೆ ಈ ಭಾಗದಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಗರ್ಭಕೋಶದ ಬಾಯಿ 10 ಸೆಂ.ಮೀ. ತೆರೆಯಬೇಕು. ಸಿಸ್ಟರು "ಎರಡು ಬೆರಳು ಆಗಿದೆ" ಎನ್ನುವುದು ಇದರದ್ದೇ ಲೆಕ್ಕ, ಒಂದು ಬೆರಳು ಅಂದರೆ ಹೆಚ್ಚು ಕಡಿಮೆ ಒಂದೂವರೆ ಸೆಂ.ಮೀ. ಮೊದಲ ಐದು ಸೆಂ.ಮೀ. ತೆರೆಯುವುದಕ್ಕೆ ಇಷ್ಟೇ ಹೊತ್ತು ಎಂಬ ಲೆಕ್ಕವಿಲ್ಲ. ಮೊದಲ ಹೆರಿಗೆಯಲ್ಲಿ ಇಡೀ ದಿನ ಹಿಡಿದರೂ ಅಸಹಜವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಐದು ಸೆಂ.ಮೀ. ಆದ ಮೇಲೆಯೇ ಚುರುಕಿನ ಹಂತ ಎಂದು ಎಣಿಸುವುದು. ಅಲ್ಲಿಂದಾಚೆಗೆ ಮೊದಲ ಹೆರಿಗೆಗೆ 12 ಗಂಟೆಯವರೆಗೆ, ಆಮೇಲಿನವಕ್ಕೆ 10 ಗಂಟೆಯವರೆಗೆ ಹಿಡಿಯಬಹುದು. ಗಂಟೆಗೆ ಒಂದು ಸೆಂ.ಮೀ. ತೆರೆಯಲೇಬೇಕು ಎಂಬ ಹಳೆಯ ನಿಯಮವನ್ನು ಅದೇ ಮಾರ್ಗಸೂಚಿ ಕೈಬಿಟ್ಟಿತು. "ಬೆಳಗ್ಗೆ ಮೂರು, ಮಧ್ಯಾಹ್ನವೂ ಮೂರೇ ಅನ್ನುತ್ತಾರಲ್ಲ" ಎಂದು ಹೊರಗೆ ಕೂತವರು ಚಡಪಡಿಸುತ್ತಾರೆ. ತಾಯಿಯ ನಾಡಿ, ಮಗುವಿನ ಬಡಿತ ಚೆನ್ನಾಗಿದ್ದರೆ ಆ ಮೂರಕ್ಕೆ ಹೆದರಬೇಕಾದ್ದಿಲ್ಲ.

ಒಳಗೆ ಇಷ್ಟು ಹೊತ್ತು ಏನು ಮಾಡುತ್ತಾರೆ? ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳುತ್ತಾರೆ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಹತ್ತು ನಿಮಿಷಕ್ಕೆ ಎಷ್ಟು ಬೇನೆ, ಒಂದೊಂದು ಎಷ್ಟು ಸೆಕೆಂಡು ಎಂದು ಎಣಿಸುತ್ತಾರೆ. ನಾಲ್ಕು ಗಂಟೆಗೊಮ್ಮೆ ಒಳಪರೀಕ್ಷೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಗುರುತು ಹಾಕುತ್ತಾ ಹೋಗುತ್ತಾರೆ, ಗೆರೆ ದಾರಿ ತಪ್ಪಿದರೆ ಡಾಕ್ಟರಿಗೆ ಫೋನು. ಹೊರಗಿಂದ ನೋಡುವವರಿಗೆ ಸಿಸ್ಟರು ಸುಮ್ಮನೆ ಕೂತಿರುವ ಹಾಗೆ ಕಾಣುತ್ತದೆ. ಅವರು ಕಾಯುತ್ತಿದ್ದಾರೆ, ಹೆರಿಗೆ ಕೋಣೆಯ ಮುಖ್ಯ ಕೆಲಸವೇ ಅದು.

ಹೊರಗಿನಿಂದ ಪದೇ ಪದೇ ಬರುವ ಒಂದು ಒತ್ತಾಯವಿದೆ: "ಡ್ರಿಪ್ ಜೋರು ಮಾಡಿ, ಬೇಗ ಆಗಲಿ." ದಯವಿಟ್ಟು ಹೀಗೆ ಹೇಳಬೇಡಿ. ಆ ಬಾಟಲಿಯಲ್ಲಿರುವುದು ಆಕ್ಸಿಟೋಸಿನ್, ಗರ್ಭಕೋಶವನ್ನು ಹಿಂಡಿಸುವ ಮದ್ದು. ಪ್ರತಿ ಬೇನೆಯಲ್ಲಿ ಗರ್ಭಕೋಶ ಬಿಗಿದಾಗ ಮಾಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಕೆರೆಯಲ್ಲಿ ಮುಳುಗು ಹಾಕಿದವರು ಮೇಲೆ ಬಂದು ಉಸಿರೆಳೆದುಕೊಂಡರೆ ತಾನೇ ಇನ್ನೊಂದು ಮುಳುಗು ಹಾಕಲಾಗುವುದು? ಮಗುವಿಗೂ ಎರಡು ಬೇನೆಯ ನಡುವೆ ಆ ಪುರುಸೊತ್ತು ಬೇಕು. ಹತ್ತು ನಿಮಿಷಕ್ಕೆ ಮೂರರಿಂದ ಐದು ಬೇನೆ ಸರಿ. ಐದಕ್ಕಿಂತ ಹೆಚ್ಚಾದರೆ ಮಗುವಿನ ಬಡಿತ ಇಳಿಯುತ್ತದೆ, ಆಗ ಸಿಸ್ಟರು ಡ್ರಿಪ್ ನಿಲ್ಲಿಸಿ ತಾಯಿಯನ್ನು ಎಡಕ್ಕೆ ಹೊರಳಿಸುತ್ತಾರೆ. ಹಿಂದೆ ಸಿಸೇರಿಯನ್ ಆದವರಲ್ಲಿ ಹೊಲಿಗೆಯ ಜಾಗವೇ ಬಿಡುವ ಅಪಾಯವೂ ಇದೆ. ಹನಿ ಹನಿಯಾಗಿ ಏರಿಸುವುದು ಜಿಪುಣತನವಲ್ಲ.

ಬೇನೆಯ ಹೊತ್ತಿನಲ್ಲಿ ಹಾಸಿಗೆಗೆ ಅಂಟಿಕೊಂಡಿರಬೇಕೆಂದಿಲ್ಲ. ತೊಂದರೆ ಇಲ್ಲದವರು ನಡೆದಾಡಬಹುದು, ಮಂಚದ ಅಂಚು ಹಿಡಿದು ಬಾಗಿ ನಿಲ್ಲಬಹುದು. ಅಂಗಾತ ಮಲಗುವುದು ಮಾತ್ರ ಒಳ್ಳೆಯದಲ್ಲ, ಗರ್ಭಕೋಶದ ಭಾರ ಹಿಂದಿನ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತುತ್ತದೆ. ಡಾಕ್ಟರು ಬೇಡ ಎನ್ನದಿದ್ದರೆ ಗಂಜಿ ತಿಳಿ, ಎಳನೀರು, ಚಹಾ ಕುಡಿಯಬಹುದು. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಿ, ತುಂಬಿದ ಮೂತ್ರಕೋಶ ಮಗುವಿನ ತಲೆಗೆ ಅಡ್ಡವಾಗುತ್ತದೆ. ಜೊತೆಗಿರುವವರು ಸೊಂಟದ ಕೆಳಭಾಗವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದರೆ ನೋವು ನಿಜಕ್ಕೂ ತಗ್ಗುತ್ತದೆ. ಬೆನ್ನಿಗೆ ಸೂಜಿ ಹಾಕಿ ನೋವು ಕಳೆಯುವ ಎಪಿಡ್ಯೂರಲ್ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿದೆ. ಬೇಕಿದ್ದರೆ ಮೊದಲೇ ಕೇಳಿಡಿ.

"ಮುಕ್ಕಬೇಕು ಅನ್ನುವುದು ಯಾವಾಗ?" ಎಂದು ಒಬ್ಬರು ಕೇಳಿದರು. ಮುಕ್ಕುವುದೆಂದರೆ ಮಗುವನ್ನು ಕೆಳಕ್ಕೆ ತಳ್ಳಲು ಒತ್ತಡ ಹಾಕುವುದು. ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೆ, ತಾನಾಗಿ ಮುಕ್ಕಬೇಕೆಂಬ ಒತ್ತಡ ಬಂದಾಗ. ಅದಕ್ಕೆ ಮೊದಲೇ ಮುಕ್ಕಿದರೆ ಬಾಯಿಯ ಅಂಚು ಊದಿಕೊಂಡು ದಾರಿ ಇನ್ನಷ್ಟು ಇಕ್ಕಟ್ಟಾಗುತ್ತದೆ, ತಾಯಿಗೆ ಸುಸ್ತೂ ಹೌದು. ಆ ಹೊತ್ತಿನಲ್ಲಿ ಮಲ ಹೋಗುವಂಥ ಅನುಭವವಾಗುತ್ತದೆ, ಸ್ವಲ್ಪ ಹೋಗಲೂಬಹುದು. ಸಿಸ್ಟರುಗಳಿಗೆ ಅದು ದಿನಾ ಕಾಣುವ ವಿಷಯ, ನಾಚಿ ತಡೆಹಿಡಿಯಬೇಡಿ. ಮೊದಲ ಹೆರಿಗೆಯಲ್ಲಿ ಈ ಹಂತ ಮೂರು ಗಂಟೆಯವರೆಗೆ ಹೋದೀತು, ಮುಂದಿನವುಗಳಲ್ಲಿ ಎರಡು. ಮೇಲಿನಿಂದ ಹೊಟ್ಟೆ ಒತ್ತಿ ಮಗುವನ್ನು ತಳ್ಳುವುದು ಸರಿಯಲ್ಲ, ಗರ್ಭಕೋಶಕ್ಕೂ ಮಗುವಿಗೂ ಪೆಟ್ಟಾಗಬಹುದು. ತಲೆ ಕಾಣಿಸಿಕೊಂಡಾಗ "ಮುಕ್ಕಬೇಡಿ, ಉಸಿರು ಬಿಡಿ" ಎನ್ನುತ್ತಾರೆ. ಅದನ್ನು ಪಾಲಿಸಿದರೆ ಚರ್ಮ ಹರಿಯುವುದು ಕಡಿಮೆ. ಕತ್ತರಿ ಹಾಕಿ ದಾರಿ ಅಗಲ ಮಾಡುವುದು ಎಲ್ಲರಿಗೂ ಬೇಕಿಲ್ಲ. ಬೇಕಾದಾಗ ಮರಗಟ್ಟುವ ಇಂಜೆಕ್ಷನ್ ಕೊಟ್ಟೇ ಮಾಡಬೇಕು, ಹೊಲಿಗೆಯ ದಾರ ತಾನಾಗಿ ಕರಗುತ್ತದೆ.

ಮಗು ಹುಟ್ಟಿತು ಎಂಬ ಸುದ್ದಿ ಹೊರಗೆ ಬಂದ ಕೂಡಲೇ ಎಲ್ಲರೂ ಲಡ್ಡು ತರಲು ಓಡುತ್ತಾರೆ. ಒಳಗೆ ಆಗ ಅತ್ಯಂತ ಎಚ್ಚರದ ಹೊತ್ತು. ಹುಟ್ಟಿದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡುತ್ತಾರೆ. ಹೊಕ್ಕುಳ ಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸಿದರೆ ಮಾಸಿನಲ್ಲಿ ಉಳಿದ ರಕ್ತ ಮಗುವಿಗೆ ಸೇರಿ ಮುಂದೆ ರಕ್ತಹೀನತೆ ತಗ್ಗುತ್ತದೆ. ಮಾಸು ಅರ್ಧ ಗಂಟೆಯೊಳಗೆ ಬರಬೇಕು. ಬಂದ ಮೇಲೆ ಸಿಸ್ಟರು ಅದನ್ನು ಟ್ರೇಯಲ್ಲಿ ಹರಡಿ, ರಕ್ತ ಒರೆಸಿ, ಗರ್ಭಕೋಶಕ್ಕೆ ಅಂಟಿದ್ದ, ತುಂಡು ತುಂಡಾಗಿ ಕಾಣುವ ಮುಖವನ್ನು ಅಂಗೈಯಲ್ಲಿ ಕೂಡಿಸಿ ನೋಡುತ್ತಾರೆ. ನಡುವೆ ಹಳ್ಳ ಕಂಡರೆ ಒಂದು ಚೂರು ಒಳಗೆ ಉಳಿದಿದೆ ಎಂದು ಅರ್ಥ. ಉಳಿದ ಚೂರು ಗರ್ಭಕೋಶ ಬಿಗಿಯದಂತೆ ತಡೆಯುತ್ತದೆ, ಬಿಗಿಯದ ಗರ್ಭಕೋಶದಿಂದ ರಕ್ತ ನಲ್ಲಿ ಬಿಟ್ಟಂತೆ ಹರಿಯುತ್ತದೆ. ಅರ್ಧ ಲೀಟರಿಗಿಂತ ಹೆಚ್ಚು ಹೋದರೆ ಅಪಾಯ. ಆಗ ಕೋಣೆಯೊಳಗೆ ಓಡಾಟ ಜೋರಾಗುತ್ತದೆ. ಒಬ್ಬರು ಹೊಟ್ಟೆ ತಿಕ್ಕುತ್ತಾರೆ, ಇನ್ನೊಬ್ಬರು ಎರಡನೆಯ ಕೈಗೂ ಡ್ರಿಪ್ ಹಾಕುತ್ತಾರೆ, ರಕ್ತ ಹೋಗುವುದನ್ನು ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಕೊಡುತ್ತಾರೆ. ಆ ಮದ್ದು ಹೆರಿಗೆಯಾಗಿ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಪ್ರಯೋಜನ. ಹೊರಗಿದ್ದವರಿಗೆ "ರಕ್ತ ಬೇಕು" ಎಂದು ಹೇಳಿದರೆ ವಾದಕ್ಕೆ ನಿಲ್ಲಬೇಡಿ, ದಾನಿಗಳಿಗೆ ಫೋನು ಮಾಡಿ. ಎಲ್ಲ ಸರಿಯಿದ್ದರೂ ತಾಯಿಯನ್ನು ಎರಡು ಗಂಟೆ ಅಲ್ಲೇ ಇಟ್ಟುಕೊಂಡು 15 ನಿಮಿಷಕ್ಕೊಮ್ಮೆ ನೋಡುತ್ತಾರೆ. "ಇನ್ನೂ ಯಾಕೆ ವಾರ್ಡಿಗೆ ತಂದಿಲ್ಲ" ಎಂದು ಬಾಗಿಲು ತಟ್ಟುವವರಿಗೆ ಉತ್ತರ ಇದೇ.

ಮಗುವನ್ನು ಒರೆಸಿ ತಾಯಿಯ ಬರೀ ಎದೆಯ ಮೇಲೆ ಮಲಗಿಸಿ ಮೇಲೊಂದು ಬಟ್ಟೆ ಹೊದಿಸುತ್ತಾರೆ. ಅದೇ ಬಿಸಿ, ಅದೇ ಮೊದಲ ಹಾಲಿನ ದಾರಿ. ಒಂದು ಗಂಟೆಯೊಳಗೆ ಕುಡಿಸಬೇಕು. ವಿಟಮಿನ್ ಕೆ 1 ಮಿ.ಗ್ರಾಂ ತೊಡೆಗೆ, 24 ಗಂಟೆಯೊಳಗೆ ಹೆಪಟೈಟಿಸ್-ಬಿ ಲಸಿಕೆ, ಜೊತೆಗೆ ಬಿ.ಸಿ.ಜಿ., ಪೋಲಿಯೊ ಹನಿ. ಕೈಗೆ ಕಟ್ಟಿದ ಪಟ್ಟಿಯಲ್ಲಿ ತಾಯಿಯ ಹೆಸರು ಸರಿ ಇದೆಯೇ ಎಂದು ನೀವೇ ಓದಿ ನೋಡಿ. ಮೊದಲ ದಿನ ಸ್ನಾನ ಬೇಡ, ಮೈಮೇಲಿನ ಬಿಳಿ ಲೇಪ ತಿಕ್ಕಿ ತೆಗೆಯುವುದೂ ಬೇಡ.

ಇಲ್ಲಿ ಅಜ್ಜಿಯೊಬ್ಬರು ಕೇಳಿದರು: "ಜೇನಿನಲ್ಲಿ ಚಿನ್ನ ತೇದು, ಬಜೆ ತೇದು ನೆಕ್ಕಿಸುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದಲ್ಲವೋ?" ಹೌದಮ್ಮ, ಬಂದದ್ದೇ. ಆದರೆ ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಒಂದು ವರ್ಷದೊಳಗಿನ ಮಕ್ಕಳಲ್ಲಿ ನರಗಳನ್ನು ಸೋಲಿಸುವ ವಿಷ ಮಾಡಬಲ್ಲದು. ತೇಯುವ ಕಲ್ಲಿನ, ಬೆರಳಿನ ಸೋಂಕು ಬೇರೆ. ಅದಕ್ಕಿಂತ ಮುಖ್ಯ, ಮೊದಲ ದಿನ ಮಗುವಿನ ಹೊಟ್ಟೆ ಹಿಡಿಯುವುದು ಒಂದು ಸಲಕ್ಕೆ ಟೀ ಚಮಚದಷ್ಟು ಮಾತ್ರ, ಆ ಜಾಗವನ್ನು ಹಳದಿ ಬಣ್ಣದ ಗಿಣ್ಣು ಹಾಲಿಗೆ ಬಿಡಬೇಕು. ಶಾಸ್ತ್ರಕ್ಕೆ ಬೇಕೇ ಬೇಕೆಂದರೆ ಚಿನ್ನವನ್ನು ಮಗುವಿನ ಪಾದಕ್ಕೆ ಮುಟ್ಟಿಸಿ, ಬಾಯಿಗೆ ಬೇಡ.

ಹಾಲು ಬರುವುದಿಲ್ಲ ಎಂಬ ದೂರು ಮೊದಲ ಎರಡು ದಿನ ಎಲ್ಲ ವಾರ್ಡಿನಲ್ಲೂ ಇರುತ್ತದೆ. ದಿನಕ್ಕೆ 8ರಿಂದ 12 ಸಲ ಕುಡಿಸುತ್ತಾ ಇದ್ದರೆ ಮೂರನೆಯ ದಿನದ ಹೊತ್ತಿಗೆ ಎದೆ ತುಂಬುತ್ತದೆ. ಬರೀ ತೊಟ್ಟು ಮಗುವಿನ ಬಾಯಿಗೆ ಹೋದರೆ ಬಿರಿಯುತ್ತದೆ, ಸುತ್ತಲಿನ ಕಪ್ಪು ಭಾಗವೂ ಹೆಚ್ಚಿನಂಶ ಒಳಗೆ ಹೋಗಬೇಕು. ಮಗು ಮೊದಲ ಕೆಲವು ದಿನ ಹುಟ್ಟಿದ ತೂಕದಲ್ಲಿ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುವುದು ಸಹಜ, ಎರಡು ವಾರದಲ್ಲಿ ವಾಪಸು ಬರುತ್ತದೆ. 24 ಗಂಟೆಯೊಳಗೆ ಕಣ್ಣು ಮೈ ಹಳದಿಯಾದರೆ, ಅಥವಾ ಯಾವಾಗಲಾದರೂ ಅಂಗೈ ಅಂಗಾಲು ಹಳದಿಯಾದರೆ ಎಳೆ ಬಿಸಿಲಿಗೆ ಹಿಡಿದು ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಸಿಸೇರಿಯನ್ ಬಗ್ಗೆ ಎರಡು ಬಗೆಯ ಜನ. ಒಬ್ಬರಿಗೆ ಅದು ಆಸ್ಪತ್ರೆಯವರ ದುಡ್ಡಿನ ದಾರಿ, ಇನ್ನೊಬ್ಬರಿಗೆ ನೋವಿಲ್ಲದ ಸುಲಭದ ದಾರಿ. ಎರಡೂ ಅರ್ಧ ಸತ್ಯ. ಮಗುವಿನ ಬಡಿತ ಇಳಿದಾಗ, ತಲೆ ಅಡ್ಡ ಸಿಕ್ಕಿಕೊಂಡಾಗ, ಮಾಸು ಬಾಯಿಗೆ ಅಡ್ಡ ಕೂತಾಗ ಅದೇ ಜೀವ ಉಳಿಸುವುದು. ಸ್ಕ್ಯಾನಿನಲ್ಲಿ ಕೊರಳಿಗೆ ಬಳ್ಳಿ ಸುತ್ತಿದೆ ಎಂದು ಕಂಡದ್ದಷ್ಟೇ ಕಾರಣವಾಗಬಾರದು, ನಾಲ್ಕೈದು ಮಕ್ಕಳಲ್ಲಿ ಒಂದು ಹಾಗೆಯೇ ಹುಟ್ಟುತ್ತದೆ. ಮೊದಲೇ ದಿನ ಗೊತ್ತುಮಾಡುವ ಸಿಸೇರಿಯನ್ ಆದರೆ ಬೇರೆ ತೊಂದರೆ ಇಲ್ಲದಾಗ 39 ವಾರ ತುಂಬಬೇಕು. ಮೂಲಾ ನಕ್ಷತ್ರ ತಪ್ಪಿಸಲಿಕ್ಕೆಂದು 37ರಲ್ಲೇ ತೆಗೆಸಿದರೆ ಶ್ವಾಸಕೋಶದ ನೀರು ಆರದೆ ಮಗು ಉಸಿರಿಗೆ ಒದ್ದಾಡಬಹುದು. 39 ಕಳೆದ ಮೇಲೆ ಜೋಯಿಸರು ಯಾವ ನಕ್ಷತ್ರ ಆರಿಸಿದರೂ ನಮ್ಮ ತಕರಾರಿಲ್ಲ.

ಆರು ಗಂಟೆ ಮೊದಲು ಊಟ ನಿಲ್ಲಿಸುತ್ತಾರೆ. ಬೆನ್ನಿಗೆ ಸಣ್ಣ ಸೂಜಿ, ಐದು ನಿಮಿಷದಲ್ಲಿ ಕಾಲು ಭಾರವಾಗುತ್ತದೆ. ಎಚ್ಚರ ಇರುತ್ತದೆ. ನೋವು ಇರುವುದಿಲ್ಲ, ಎಳೆದ ಹಾಗೆ, ಒತ್ತಿದ ಹಾಗೆ ತಿಳಿಯುತ್ತದೆ, ಅದಕ್ಕೆ ಗಾಬರಿ ಬೇಡ. ಮಗು ಮೊದಲ ಐದು ಹತ್ತು ನಿಮಿಷದಲ್ಲೇ ಹೊರಗೆ. ಉಳಿದ ಮುಕ್ಕಾಲು ಗಂಟೆ ಹೊಲಿಗೆಗೆ. ಮೂತ್ರದ ನಳಿಕೆ ಸಾಮಾನ್ಯವಾಗಿ ಮರುದಿನ ತೆಗೆಯುತ್ತಾರೆ. ಅಷ್ಟರಲ್ಲೇ ಎದ್ದು ಕೂತು, ಹಿಡಿದುಕೊಂಡು ನಡೆಯಲು ಹೇಳುತ್ತಾರೆ. ಹಠ ಅಲ್ಲ ಅದು, ಮಲಗಿದಲ್ಲೇ ಇದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ. ಕೆಮ್ಮುವಾಗ ದಿಂಬನ್ನು ಹೊಲಿಗೆಗೆ ಒತ್ತಿ ಹಿಡಿಯಿರಿ.

ಮನೆಗೆ ಬಂದ ಮೇಲಿನ ಬಾಣಂತನ ಬೇರೆಯೇ ಒಂದು ದಿನದ ವಿಷಯ, ಎರಡು ಮಾತು ಮಾತ್ರ. ಬಾಣಂತಿಗೆ ನೀರು ಕೊಡಬಾರದು ಎಂಬುದನ್ನು ಬಿಟ್ಟುಬಿಡಿ, ಬಾಯಾರಿದಷ್ಟೂ ಕುಡಿಯಲಿ. ಒಂದು ಗಂಟೆಗೆ ಒಂದು ಪ್ಯಾಡ್ ಪೂರ್ತಿ ತೊಯ್ದರೆ, ಜ್ವರ ಬಂದರೆ, ಒಂದೇ ಕಾಲು ಊದಿ ನೋಯುತ್ತಿದ್ದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಎರಡು ವಾರ ಕಳೆದರೂ ಅಳು ನಿಲ್ಲದೆ ಮಗುವಿನ ಮೇಲೆ ಮನಸ್ಸೇ ಇಲ್ಲದಿದ್ದರೆ ಆಸ್ಪತ್ರೆಗೆ ಕರೆತನ್ನಿ. ಹೆರಿಗೆಯಾದ ಮೇಲೂ ಬಿಪಿ ಏರಬಹುದು. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕು, ಬಾರದಿದ್ದರೆ ಫೋನು ಮಾಡಿ.

ಜನನ ನೋಂದಣಿಯಲ್ಲಿ ಗಡಿಯವರಿಗೆ ಒಂದು ತೊಡಕಿದೆ. ಹುಟ್ಟಿದ ಜಾಗದ ಸ್ಥಳೀಯ ಸಂಸ್ಥೆಯೇ ದಾಖಲೆ ಕೊಡುವುದು, ಮನೆ ಎಲ್ಲಿದ್ದರೂ. ಮಂಗಳೂರಿನಲ್ಲಿ ಹುಟ್ಟಿದರೆ ಕರ್ನಾಟಕದ ಪ್ರಮಾಣಪತ್ರ, ಕನ್ನಡ ಮತ್ತು ಇಂಗ್ಲಿಷಿನಲ್ಲಿ. ಕಾಸರಗೋಡಿನಲ್ಲಾದರೆ ಕೇರಳದ್ದು, ಮಲಯಾಳ ಮತ್ತು ಇಂಗ್ಲಿಷಿನಲ್ಲಿ. ದೇಶದಲ್ಲೆಲ್ಲ ಎರಡೂ ಸಮ. ಆದರೆ ಮುಂದೆ ಅಕ್ಷರ ತಿದ್ದಬೇಕಾದರೆ ಕೊಟ್ಟ ಕಚೇರಿಗೇ ಹೋಗಬೇಕು. 21 ದಿನದೊಳಗೆ ಶುಲ್ಕವಿಲ್ಲ. ಆಸ್ಪತ್ರೆಯ ಫಾರಂ ತುಂಬುವಾಗ ತಂದೆ ತಾಯಿಯ ಹೆಸರನ್ನು ಆಧಾರ್ ನೋಡಿಕೊಂಡೇ ಬರೆಸಿ, ಮಲಯಾಳ ಬಲ್ಲವರಿಂದ ಒಮ್ಮೆ ಓದಿಸಿ. 'ಭಟ್' ಮತ್ತು 'ಭಟ್ಟ', 'ನಾಯ್ಕ' ಮತ್ತು 'ನಾಯಕ್' ಇವುಗಳ ನಡುವೆ ಆಮೇಲೆ ಓಡಾಡುವುದು ಹೆರಿಗೆಗಿಂತ ದೀರ್ಘ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರಲು, ಮತದಾರರ ಪಟ್ಟಿಗೆ ಎಲ್ಲಕ್ಕೂ ಇದೇ ಆಧಾರ. ಮಗುವಿನ ಹೆಸರು ಆಗಲೇ ಇಡಬೇಕೆಂದಿಲ್ಲ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ಕೊನೆಯಲ್ಲಿ ಬಂದ ಪ್ರಶ್ನೆ: "ಮೊದಲನೆಯದು ಸಿಸೇರಿಯನ್, ಈಗ ಸಹಜ ಹೆರಿಗೆ ಆಗಬಹುದೋ?" ಒಂದೇ ಸಿಸೇರಿಯನ್ ಆಗಿ, ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದು, ಅಂದಿನ ಕಾರಣ ಈ ಸಲ ಇಲ್ಲದಿದ್ದರೆ ಪ್ರಯತ್ನಿಸಬಹುದು. ಪ್ರಯತ್ನಿಸಿದ ನಾಲ್ವರಲ್ಲಿ ಸುಮಾರು ಮೂವರಿಗೆ ಸಹಜವಾಗಿ ಆಗುತ್ತದೆ. ಹೊಲಿಗೆ ಬಿಡುವ ಅಪಾಯ ಸುಮಾರು ಇನ್ನೂರಕ್ಕೆ ಒಂದು, ಆದ್ದರಿಂದ ಕೂಡಲೇ ಆಪರೇಶನ್ ಮಾಡಬಲ್ಲ ಆಸ್ಪತ್ರೆಯಲ್ಲಿ ಮಾತ್ರ. ಹೊಟ್ಟೆಯ ಮೇಲಿನ ಗೆರೆ ನೋಡಿ ಒಳಗೆ ಹೇಗೆ ಕೊಯ್ದಿದ್ದಾರೆ ಎಂದು ಹೇಳಲಾಗದು, ಅದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತದೆ. ಚೀಟಿ ಕಳೆದಿದ್ದರೆ ಹಿಂದಿನ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಐ.ಪಿ. (ಒಳರೋಗಿ) ನಂಬರ್ ಅಥವಾ ಹೆರಿಗೆಯ ತಾರೀಖು ಕೊಟ್ಟು ಪ್ರತಿ ಕೇಳಿ, ಈ ಬಾರಿಯ ಮುಂದಿನ ತಪಾಸಣೆಗೆ ಅದನ್ನು ತನ್ನಿ.